ಸವಳು ನೀರು, ಕಡಲೆ ಮತ್ತು ಖಾರದ ಕುಂಬಳ ಹಮ್ಮಸ್

ವಿಜಯಪುರ, ಬಾಗಲಕೋಟೆ ಕಡೆ ಸವಳು ನೀರಿನ ಬೋರ್ ಇರುವ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು: ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಕುಕ್ಕರ್ ಎಷ್ಟು ಸೀಟಿ ಹೊಡೆದರೂ ತೊಗರಿ ಬೇಳೆ ಬಿಡಿಬಿಡಿಯಾಗಿಯೇ ಉಳಿಯುತ್ತದೆ. ಅದಕ್ಕೇ ಅಡುಗೆಗೆ ಅಂತ ಸಿಹಿ ನೀರನ್ನು ಬೇರೆ ಕೊಡದಲ್ಲಿ ತುಂಬಿಡುತ್ತಾರೆ. ಹಮ್ಮಸ್ ಮಾಡಲು ಹೊರಟವರಿಗೆ ಈ ತಿಳಿವಳಿಕೆಯೇ ಎಲ್ಲಕ್ಕಿಂತ ದೊಡ್ಡ ಆಸ್ತಿ.

ಹಮ್ಮಸ್ ಅಂದರೆ ಲೆಬನಾನ್, ಸಿರಿಯಾ, ಪ್ಯಾಲೆಸ್ಟೀನ್, ಈಜಿಪ್ಟ್ ಕಡೆಯ ತಿನಿಸು. ಬೇಯಿಸಿದ ಕಾಬೂಲಿ ಕಡಲೆ, ಎಳ್ಳಿನ ಪೇಸ್ಟ್, ನಿಂಬೆ ರಸ, ಬೆಳ್ಳುಳ್ಳಿ, ಉಪ್ಪು, ಇಷ್ಟೇ ಅದರ ಸಾಮಾನು. ಅಲ್ಲಿ ಮೇಲಿಂದ ಆಲಿವ್ ಎಣ್ಣೆ ಹಾಕುತ್ತಾರೆ. ಸಿಹಿ ಕುಂಬಳಕಾಯಿ ಮತ್ತು ಮೆಣಸಿನಕಾಯಿ ಇದಕ್ಕೆ ಆಮೇಲೆ ಸೇರಿದವು. ಅವೆರಡೂ ಮೂಲತಃ ಅಮೆರಿಕ ಖಂಡದ ಬೆಳೆಗಳು, 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ನಂತರವೇ ಈ ಕಡೆಗೆ ಬಂದವು. ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿಗೆ ಕಡಲೆ ಬರುತ್ತದೆ, ಕುಸುಬೆ ಬರುತ್ತದೆ. ಸಂಕ್ರಾಂತಿಯ ಎಳ್ಳು ಹೇಗೂ ಡಬ್ಬಿಯಲ್ಲಿರುತ್ತದೆ. ಹಾಗಾಗಿ ಪಾಕವಿಧಾನ ಪರದೇಶದ್ದಾದರೂ ಸಾಮಾನು ಪೂರ್ತಿ ನಮ್ಮದೇ.

ಮನೆಯಲ್ಲಿ ಮಾಡಿದ ಹಮ್ಮಸ್ ಬಗ್ಗೆ ಕೇಳಿಬರುವ ದೂರು ಒಂದೇ, ತರಿತರಿಯಾಗಿದೆ ಅಂತ. ಮಿಕ್ಸಿ ಸರಿ ಇಲ್ಲ ಅಂದುಕೊಳ್ಳುತ್ತಾರೆ. ನಿಜವಾದ ಕಾರಣ ಇರುವುದು ಕಡಲೆಯ ಜೀವಕೋಶಗಳ ನಡುವೆ.

ಕಾಳಿನೊಳಗೆ ಲಕ್ಷಗಟ್ಟಲೆ ಕೋಶಗಳಿರುತ್ತವೆ. ಇಟ್ಟಿಗೆಗಳ ನಡುವೆ ಗಾರೆ ಇದ್ದ ಹಾಗೆ ಅವುಗಳ ನಡುವೆ ಪೆಕ್ಟಿನ್ ಎಂಬ ಪದಾರ್ಥ ಇರುತ್ತದೆ. ಬೇಯುವುದು ಅಂದರೆ ಮುಖ್ಯವಾಗಿ ಈ ಪೆಕ್ಟಿನ್ ಕರಗಿ, ಕೋಶಗಳು ಒಂದರಿಂದ ಒಂದು ಬಿಡಿಸಿಕೊಳ್ಳುವುದು. ಸವಳು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಇವು ಪೆಕ್ಟಿನ್ನಿನ ಎಳೆಗಳ ನಡುವೆ ಸೇರಿಕೊಂಡು ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಬಿಗಿದುಕೊಂಡ ಪೆಕ್ಟಿನ್ ಸುಲಭಕ್ಕೆ ಕರಗುವುದಿಲ್ಲ. ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದಲ್ಲ, ಅದರಲ್ಲಿರುವುದೂ ಇದೇ ಕ್ಯಾಲ್ಸಿಯಂ.

ಹಳೆಯ ಕಡಲೆಯಲ್ಲಿ ಇದೇ ಕೆಲಸ ಕಾಳಿನ ಒಳಗಿನಿಂದಲೇ ನಡೆಯುತ್ತದೆ. ಹೊಸ ಕಾಳಿನಲ್ಲಿ ಫೈಟೇಟ್ ಎಂಬ ಪದಾರ್ಥ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ತನ್ನ ಹತ್ತಿರ ಹಿಡಿದಿಟ್ಟುಕೊಂಡಿರುತ್ತದೆ. ಸೆಕೆ ಮತ್ತು ತೇವದಲ್ಲಿ ಬಹಳ ತಿಂಗಳು ಇಟ್ಟ ಕಾಳಿನಲ್ಲಿ ಫೈಟೇಟ್ ಒಡೆಯುತ್ತಾ ಹೋಗುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಪೆಕ್ಟಿನ್ ಕಡೆ ಹೋಗುತ್ತದೆ. ಹೀಗಾಗಿ ಎರಡು ಬೇಸಿಗೆ ಕಂಡ ಕಡಲೆಯನ್ನು ಹಮ್ಮಸ್‌ಗೆ ಬಳಸಲೇಬೇಡಿ. ಹೊಸ ಕಡಲೆ ಕೊಳ್ಳಿ.

ಒಂದು ಬಟ್ಟಲು, ಅಂದರೆ ಸುಮಾರು 200 ಗ್ರಾಂ ಕಾಬೂಲಿ ಕಡಲೆಯನ್ನು ಸಿಹಿ ನೀರಿನಲ್ಲಿ ಒಂದು ಚಮಚ ಉಪ್ಪು ಹಾಕಿ ರಾತ್ರಿಯಿಡೀ ನೆನೆಸಿ. ಉಪ್ಪು ಹಾಕಿದರೆ ಕಾಳು ಗಟ್ಟಿಯಾಗುತ್ತದೆ ಅನ್ನುವ ನಂಬಿಕೆ ಇದೆ. ಆಗುವುದು ತಿರುಗಾ ಮುರುಗಾ: ಉಪ್ಪಿನ ಸೋಡಿಯಂ ಸಿಪ್ಪೆಯ ಕ್ಯಾಲ್ಸಿಯಂನ ಜಾಗ ಹಿಡಿದು ಸಿಪ್ಪೆಯನ್ನು ಮೆತ್ತಗೆ ಮಾಡುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿಬಿಡಿ. ಹೊಟ್ಟೆಯಲ್ಲಿ ವಾಯು ಎಬ್ಬಿಸುವ ರಾಫಿನೋಸ್‌ನಂಥ ಸಕ್ಕರೆಗಳಲ್ಲಿ ಒಂದಿಷ್ಟು ಅದರ ಜೊತೆಗೇ ಹೋಗುತ್ತವೆ. ಹೊಸ ನೀರು, ಕಾಲು ಚಮಚ ಅಡುಗೆ ಸೋಡಾ ಹಾಕಿ ಕುಕ್ಕರಿಗಿಡಿ. ಸೋಡಾ ನೀರನ್ನು ಕ್ಷಾರವಾಗಿಸುತ್ತದೆ, ಕ್ಷಾರದಲ್ಲಿ ಪೆಕ್ಟಿನ್ ಬೇಗ ತುಂಡಾಗುತ್ತದೆ. ಕಾಲು ಚಮಚಕ್ಕಿಂತ ಜಾಸ್ತಿ ಬೇಡ, ಸಾಬೂನಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ. ಕಾಳು ಬೆರಳಲ್ಲಿ ಹಿಸುಕಿದರೆ ಯಾವ ತಡೆಯೂ ಇಲ್ಲದೆ ಹಿಟ್ಟಾಗಬೇಕು. ಚನಾ ಮಸಾಲೆಗೆ ಬೇಯಿಸುವುದಕ್ಕಿಂತ ಎಷ್ಟೋ ಮುಂದೆ ಹೋಗಬೇಕು.

ನಿಂಬೆ ರಸವನ್ನು ಮಾತ್ರ ಕುಕ್ಕರಿಗೆ ಹಾಕಬೇಡಿ. ಹುಳಿಯಲ್ಲಿ ಪೆಕ್ಟಿನ್ ಗಟ್ಟಿಯಾಗಿಯೇ ನಿಲ್ಲುತ್ತದೆ. ಬೇಳೆ ಬೆಂದ ಮೇಲೇ ಹುಣಸೆ ಹುಳಿ ಹಾಕಬೇಕು ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದದ್ದು ಇದಕ್ಕೇ. ಅವರು ಎಷ್ಟು ಸರಿಯಾಗಿ ಗಮನಿಸಿದ್ದರು ಅನ್ನುವುದು ನನಗೆ ಇವತ್ತಿಗೂ ಬೆರಗು.

ಕಾಬೂಲಿ ಕಡಲೆ ಸಿಗದಿದ್ದರೆ ಕಡಲೆ ಬೇಳೆಯಲ್ಲೂ ಆಗುತ್ತದೆ. ಸಿಪ್ಪೆ ಮೊದಲೇ ಹೋಗಿರುವುದರಿಂದ ನುಣ್ಣಗೂ ಆಗುತ್ತದೆ. ಆದರೂ ರುಚಿಯಲ್ಲಿ ನನ್ನ ಮತ ಕಾಬೂಲಿಗೇ.

ಇನ್ನು ಕುಂಬಳ. ಕಾಲು ಕೆಜಿ ಚೆನ್ನಾಗಿ ಹಣ್ಣಾದ, ಕೇಸರಿ ಬಣ್ಣದ ಸಿಹಿ ಕುಂಬಳದ ಹೋಳು ಸಾಕು. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಬೇಯಿಸಿ ಹಾಕಿದರೆ ಹಮ್ಮಸ್ ಸಾರಾಗುತ್ತದೆ, ಹುರಿದರೆ ಗಟ್ಟಿಯಾಗಿ ನಿಲ್ಲುತ್ತದೆ. ತೆಳ್ಳಗೆ ಹೆಚ್ಚಿ, ದಪ್ಪ ತವೆಯ ಮೇಲೆ ಸ್ವಲ್ಪ ಎಣ್ಣೆ ಹಾಕಿ, ಮುಚ್ಚಳ ಮುಚ್ಚದೆ ಹುರಿಯಿರಿ. ಮೇಲ್ಮೈಯಲ್ಲಿ ನೀರು ಇರುವವರೆಗೆ ಹೋಳು 100 ಡಿಗ್ರಿ ದಾಟುವುದಿಲ್ಲ. ನೀರು ಆರಿ, ಶಾಖ 140 ಡಿಗ್ರಿಯ ಸುತ್ತಮುತ್ತ ಬಂದಾಗ ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಸೇರಿ ಕಂದು ಬಣ್ಣ, ಹುರಿದ ಘಮ ಹುಟ್ಟುತ್ತವೆ. ತವೆಯಲ್ಲಿ ಹೋಳುಗಳನ್ನು ಒತ್ತೊತ್ತಾಗಿ ತುಂಬಿದರೆ ಹಬೆ ಸಿಕ್ಕಿಹಾಕಿಕೊಂಡು ಅವು ಬೇಯುತ್ತವೆ ಅಷ್ಟೇ. ಕುಂಬಳದ ಕೇಸರಿ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಎಣ್ಣೆಯಲ್ಲಿ ಕರಗುವಂಥದ್ದು. ನಮ್ಮ ದೇಹ ಅದರಿಂದ ಎ ಜೀವಸತ್ವ ಮಾಡಿಕೊಳ್ಳುತ್ತದೆ. ಎಳ್ಳೆಣ್ಣೆ ಜೊತೆಗಿದ್ದರೆ ಅದು ಮೈಗೆ ಹತ್ತುವುದು ಸುಲಭ.

ಬಿಳಿ ಎಳ್ಳಿನಲ್ಲಿ ಸುಮಾರು ಅರ್ಧದಷ್ಟು ಎಣ್ಣೆ ಇರುತ್ತದೆ. ನಾಲ್ಕು ದೊಡ್ಡ ಚಮಚ ಎಳ್ಳನ್ನು ಹದವಾಗಿ ಹುರಿದು, ಎಣ್ಣೆ ಬಿಡುವ ತನಕ ಮಿಕ್ಸಿಯಲ್ಲಿ ಅರೆಯಿರಿ. ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಎರಡು ನಿಂಬೆಯ ರಸದಲ್ಲೇ ಜಜ್ಜಿ. ಬೆಳ್ಳುಳ್ಳಿ ಒಡೆದಾಗ ಅದರೊಳಗಿನ ಕಿಣ್ವ ಅಲಿಸಿನ್ ಎಂಬ ಘಾಟಿನ ಪದಾರ್ಥ ಮಾಡುತ್ತದೆ. ಹುಳಿ ಆ ಕಿಣ್ವವನ್ನು ತಡೆಯುತ್ತದೆ. ಪರಿಮಳ ಉಳಿದು ಘಾಟು ಕಡಿಮೆಯಾಗುತ್ತದೆ.

ಈ ರಸವನ್ನು ಎಳ್ಳಿನ ಪೇಸ್ಟಿಗೆ ಸೇರಿಸಿದ ಕೂಡಲೇ ಅದು ಗಟ್ಟಿಯಾಗಿ ಗಂಟುಕಟ್ಟಿಕೊಳ್ಳುತ್ತದೆ. ಹೆದರಬೇಡಿ. ಎಣ್ಣೆಯಲ್ಲಿ ತೇಲುತ್ತಿದ್ದ ಎಳ್ಳಿನ ಕಣಗಳು ಸ್ವಲ್ಪ ನೀರು ಸಿಕ್ಕಾಗ ತೇವವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಣ್ಣೀರನ್ನು ಚಮಚ ಚಮಚವಾಗಿ ಹಾಕುತ್ತಾ ತಿರುಗಿಸಿ. ಒಂದು ಹಂತದಲ್ಲಿ ಎಣ್ಣೆ ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿಕೊಂಡು, ಪೇಸ್ಟ್ ಬೆಳ್ಳಗೆ, ಸಡಿಲವಾಗುತ್ತದೆ. ಈಗ ಬಿಸಿ ಇರುವಾಗಲೇ ಕಡಲೆ ಹಾಕಿ ಅರೆಯಿರಿ, ಆಮೇಲೆ ಕುಂಬಳ, ಉಪ್ಪು, ಹುರಿದ ಜೀರಿಗೆ ಪುಡಿ.

ಖಾರಕ್ಕೆ ನಮ್ಮ ರಂಜಕ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿ, ಒಂದು ಚಮಚ ಬೆರೆಸಿದರೆ ಚೆಂದ. ಇಲ್ಲವೇ ಗಾಣದ ಕುಸುಬೆ ಎಣ್ಣೆಯನ್ನು ಬೆಚ್ಚಗೆ ಮಾಡಿ, ಉರಿ ಆರಿಸಿ, ಬ್ಯಾಡಗಿ ಮೆಣಸಿನ ಪುಡಿಯನ್ನೂ ಚಿಟಿಕೆ ಖಾರದ ಮೆಣಸಿನ ಪುಡಿಯನ್ನೂ ಹಾಕಿ. ಬ್ಯಾಡಗಿಯ ಕೆಂಪು ಬಣ್ಣ, ಮೆಣಸಿನ ಖಾರದ ಕ್ಯಾಪ್ಸೈಸಿನ್ ಎರಡೂ ಎಣ್ಣೆಗೆ ಇಳಿಯುತ್ತವೆ. ನಾಲಿಗೆಯ ನರಗಳಲ್ಲಿ ಸುಮಾರು 43 ಡಿಗ್ರಿ ದಾಟಿದ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಕ್ಯಾಪ್ಸೈಸಿನ್ ಅದನ್ನೇ ಎಚ್ಚರಿಸುತ್ತದೆ. ಅದಕ್ಕೇ ಖಾರ ತಿಂದರೆ ಬಾಯಿ ಉರಿದ ಅನುಭವ. 1997ರಲ್ಲಿ ಈ ಪ್ರೋಟೀನನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಎಳ್ಳಿನ ಜಿಡ್ಡು ಕ್ಯಾಪ್ಸೈಸಿನ್ನನ್ನು ಹಿಡಿದಿಟ್ಟುಕೊಳ್ಳುವುದರಿಂದ ಖಾರ ನಾಲಿಗೆಗೆ ನಿಧಾನಕ್ಕೆ ಏರುತ್ತದೆ. ಅರೆದು ಹತ್ತು ನಿಮಿಷ ಬಿಟ್ಟು ರುಚಿ ನೋಡಿ, ಆಮೇಲೆ ಇನ್ನಷ್ಟು ಬೇಕೇ ಅಂತ ತೀರ್ಮಾನಿಸಿ.

ತಿನ್ನುವುದಕ್ಕೆ ಖಡಕ್ ಜೋಳದ ರೊಟ್ಟಿಯೇ ಸೈ. ಪ್ರೋಟೀನ್ ಕಟ್ಟುವ ಬಿಡಿಭಾಗಗಳಿಗೆ ಅಮೈನೋ ಆಮ್ಲ ಅನ್ನುತ್ತಾರೆ. ಅವುಗಳಲ್ಲಿ ಲೈಸಿನ್ ಎಂಬುದು ಜೋಳದ ಪ್ರೋಟೀನಿನಲ್ಲಿ ಕಡಿಮೆ, ಕಡಲೆಯಲ್ಲಿ ಧಾರಾಳ. ಕಡಲೆಯಲ್ಲಿ ಕೊರತೆ ಇರುವ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಎಳ್ಳಿನಲ್ಲಿದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಬೇಸಿಗೆಯಲ್ಲಿ ಇದನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ತಣ್ಣಗಾದಾಗ ಕಡಲೆಯ ಪಿಷ್ಟ ಮತ್ತೆ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಎರಡು ಚಮಚ ಬಿಸಿನೀರು ಹಾಕಿ ಕಲೆಸಿದರೆ ಸಡಿಲವಾಗುತ್ತದೆ.