ಒಬ್ಬರನ್ನೊಬ್ಬರು ಪ್ರೀತಿಸಿ ಅನ್ನೋ ಮಾತು, ಪಂಕ್ತಿಗೆ ಬಂದಾಗ

ಕ್ರಿಶ್ಚಿಯನ್ನರು ಅಂದ್ರೆ ಪ್ರೀತಿ, ಸೇವೆ, ಕಾನ್ವೆಂಟು, ಆಸ್ಪತ್ರೆ ಅಂತ ನಮ್ಮ ದಾವಣಗೆರೆ ಕಡೆ ಮಾತು ರೂಢಿಲಿದೆ. ಕ್ರಿಸ್‌ಮಸ್ ಸ್ಟೇಜ್ ಹತ್ತಿದೋರು ಯಾರೇ ಆಗ್ಲಿ, ಸ್ವಾಮೀಜಿ ಆಗ್ಲಿ ಕಾರ್ಪೊರೇಟರ್ ಆಗ್ಲಿ, ಅದನ್ನೇ ಹೇಳಿ ಕೇಕ್ ಕಟ್ ಮಾಡಿ ಇಳೀತಾರೆ. ತಪ್ಪೇನಿಲ್ಲ ಬಿಡ್ರಿ. ಆದ್ರೆ ಒಬ್ಬರನ್ನೊಬ್ಬರು ಪ್ರೀತಿಸಿ ಅನ್ನೋ ಯೇಸುವಿನ ಆಜ್ಞೆ ಎರಡು ಸಾವಿರ ವರ್ಷದಲ್ಲಿ ಎಲ್ಲೆಲ್ಲಿ ಕಗ್ಗಂಟಾಗಿದೆ ಅಂತ ಹುಡುಕ್ತಾ ಹೋದ್ರೆ ಒಂದು ವಿಷಯ ಎದ್ದು ಕಾಣುತ್ತೆ, ಜಗಳ ಆಗಿರೋದೆಲ್ಲ ಹೆಚ್ಚುಕಮ್ಮಿ ಊಟದ ಹತ್ರಾನೇ. ಯಾರು ಮೊದ್ಲು ಉಣ್ಬೇಕು, ಯಾರ ಪಕ್ಕ ಯಾರು ಕೂರ್ಬೇಕು, ಯಾರ ಎಲೆಗೆ ಬಡಿಸ್ಲಿಲ್ಲ. ಪಂಕ್ತಿಭೇದ ಅಂದ್ರೆ ಏನಂತ ನಮ್ ಜನಕ್ಕೆ ಯಾರೂ ಬಂದು ಹೇಳಿಕೊಡ್ಬೇಕಾಗಿಲ್ಲ.

ಮಾತು ಹುಟ್ಟಿದ್ದೂ ಊಟದ ಹೊತ್ತಲ್ಲೇ. ಯೋಹಾನನ ಸುವಾರ್ತೆ 13ನೇ ಅಧ್ಯಾಯ, ಶಿಲುಬೆಗೆ ಹಾಕೋ ಹಿಂದಿನ ರಾತ್ರಿ. ಯೇಸು ಊಟದ ನಡುವೆ ಎದ್ದು, ಟವೆಲ್ ಸೊಂಟಕ್ಕೆ ಕಟ್ಕೊಂಡು, ಬೋಗುಣಿಲಿ ನೀರು ಹಾಕಿ ಶಿಷ್ಯರ ಕಾಲು ತೊಳೀತಾನೆ, ಆಗಿನ ಕಾಲಕ್ಕೆ ಅದು ಮನೆ ಆಳಿನ ಕೆಲಸ. ತನ್ನನ್ನ ಹಿಡಿದುಕೊಡೋನು ಅಂತ ಗೊತ್ತಿದ್ರೂ ಶಿಷ್ಯ ಯೂದನ ಕಾಲೂ ಬಿಡ್ಲಿಲ್ಲ. ಯೂದ ಎದ್ದು ಹೊರಗೆ ಹೋದ ಮೇಲೇನೇ ಹೇಳಿದ್ದು, ಹೊಸ ಆಜ್ಞೆ ಕೊಡ್ತೀನಿ, ನಾನು ನಿಮ್ಮನ್ನ ಪ್ರೀತಿಸಿದ ಹಾಗೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಬೇಕು, ಇದರಿಂದಲೇ ನೀವು ನನ್ನ ಶಿಷ್ಯರು ಅಂತ ಜನಕ್ಕೆ ಗೊತ್ತಾಗುತ್ತೆ ಅಂತ. ನೆರೆಯವನನ್ನ ಪ್ರೀತಿಸು ಅನ್ನೋದು ಯೆಹೂದಿಗಳ ಯಾಜಕಕಾಂಡದಲ್ಲಿ ಮೊದ್ಲೇ ಇತ್ತು, ಅದೇನು ಹೊಸದಲ್ಲ. ಹೊಸದು ಅಳತೆ: "ನಾನು ಪ್ರೀತಿಸಿದ ಹಾಗೆ".

ಈಗ್ಲೂ ಪವಿತ್ರ ಗುರುವಾರ ಸಂಜೆ ಕಥೋಲಿಕ ಚರ್ಚ್‌ಗಳಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೀತಾರೆ. ನಮ್ಮೂರಲ್ಲಿ ಮಾರ್ಚ್-ಏಪ್ರಿಲ್ ಬಿಸಿಲು ಧೂಳು ಹೆಂಗಿರುತ್ತೆ ಗೊತ್ತಲ್ಲ, ಆದ್ರೂ ಸೆಲೆಕ್ಟ್ ಆದೋರು ಮನೆಲೇ ಸೋಪು ಹಾಕಿ ಉಜ್ಕೊಂಡು, ಹೊಸ ಚಪ್ಲಿ ಹಾಕ್ಕೊಂಡೇ ಬಂದಿರ್ತಾರೆ, ಫಾದರ್ ಕೈಗೆ ಕೊಳೆ ಹತ್ತಬಾರದು ಅಂತ. ತೊಳೆದ ಕಾಲನ್ನೇ ತೊಳೆಯೋದು! ಈ ಪಾದ ತೊಳೆಯೋದನ್ನ ಗುರುವಾರ ಸಂಜೆಯ ಪೂಜೆ ಒಳಗೇ ತಂದಿದ್ದು 12ನೇ ಪಯಸ್ ಪೋಪ್ ಇದ್ದಾಗ, 1955ರ ಬದಲಾವಣೆಲಿ. ಆಗ ಗಂಡಸರ ಕಾಲು ಮಾತ್ರ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹುಡುಗೀರ ಕಾಲು, ಮುಸ್ಲಿಮರ ಕಾಲು ತೊಳೆದಾಗ ದೊಡ್ಡ ಗದ್ದಲ ಆಯ್ತು, 2016ರಲ್ಲಿ ನಿಯಮವನ್ನೇ ತಿದ್ದಿ ಹೆಂಗಸರನ್ನೂ ಸೇರಿಸಬಹುದು ಅಂತ ಮಾಡಿದ್ರು.

ಸರಿ, ಮೊದಲ ಶತಮಾನಕ್ಕೆ ವಾಪಸ್ ಬರೋಣ. ಯೇಸು ಹೋಗಿ ಸ್ವಲ್ಪ ಕಾಲಕ್ಕೇ ಯೆರೂಸಲೇಮಿನ ಸಭೆಲಿ, ಅಂದ್ರೆ ಅಲ್ಲಿನ ಕ್ರಿಶ್ಚಿಯನ್ನರ ಬಳಗದಲ್ಲಿ, ಗಲಾಟೆ ಶುರು. ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡೋ ವಿಧವೆಯರನ್ನ ಕಡೆಗಣಿಸ್ತಾರೆ ಅನ್ನೋದು ಕಂಪ್ಲೇಂಟ್. ಅಪೊಸ್ತಲರು, ಅಂದ್ರೆ ಯೇಸುವಿನ ಮುಖ್ಯ ಶಿಷ್ಯರು, ಏಳು ಜನರನ್ನ ಅದಕ್ಕೇ ಅಂತ ನೇಮಿಸಿದ್ರು, ಆ ಏಳೂ ಹೆಸರು ನೋಡಿ, ಸ್ತೆಫನ, ಫಿಲಿಪ್ಪ, ನಿಕನೋರ, ತಿಮೋನ, ಎಲ್ಲಾ ಗ್ರೀಕ್ ಹೆಸರು. ಅಂದ್ರೆ ಯಾರಿಗೆ ಅನ್ಯಾಯ ಆಗಿತ್ತೋ ಆ ಕಡೆಯವರ ಕೈಗೇ ಸೌಟು ಕೊಟ್ರು ಅನ್ಸುತ್ತೆ. ನನ್ನ ಕೇಳಿದ್ರೆ ಇಡೀ ಇತಿಹಾಸದಲ್ಲಿ ಇದಕ್ಕಿಂತ ಜಾಣ ತೀರ್ಮಾನ ಇನ್ನೊಂದಿಲ್ಲ.

ಅಂತಿಯೋಕ್ಯ ಅನ್ನೋ ಊರಲ್ಲಿ ಮತ್ತೆ ಅದೇ. ಯೇಸುವಿನ ಶಿಷ್ಯ ಪೇತ್ರ ಅಲ್ಲಿ ಯೆಹೂದಿಗಳಲ್ಲದವರ ಜೊತೆ ಕೂತು ಉಣ್ತಿದ್ದ, ಯೆರೂಸಲೇಮಿಂದ ಮಡಿವಂತರು ಬಂದ ಕೂಡ್ಲೇ ಮೆಲ್ಲಗೆ ಎದ್ದು ಬೇರೆ ಕೂತ. ಊರೂರಿಗೆ ಹೋಗಿ ಸುವಾರ್ತೆ ಸಾರ್ತಿದ್ದ ಪೌಲ ಎಲ್ಲರ ಮುಂದೇನೇ ಅವನನ್ನ ತರಾಟೆಗೆ ತಗೊಂಡ, ಅದನ್ನ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತಾನೇ ಹೇಳ್ಕೊಂಡಿದ್ದಾನೆ. ಕೊರಿಂಥದಲ್ಲಂತೂ ಇನ್ನೂ ಕೆಟ್ಟದು: ಪ್ರಭು ಭೋಜನ ಅಂತ, ಅಂದ್ರೆ ಯೇಸುವಿನ ಕೊನೆ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚ್ಕೊಳ್ಳೋಕೆ ಸೇರೋದು, ಕೂಲಿಯೋರು ಕೆಲಸ ಮುಗಿಸಿ ಬರೋಷ್ಟರಲ್ಲಿ ಉಳ್ಳವರು ಉಂಡು ಕುಡಿದು ಮುಗ್ಸಿರೋದು, ಒಬ್ಬ ಹಸಿದಿದ್ರೆ ಇನ್ನೊಬ್ಬ ಅಮಲಲ್ಲಿ. ನೀವು ತಿನ್ನೋದು ಪ್ರಭುವಿನ ಊಟಾನೇ ಅಲ್ಲ ಅಂದ ಪೌಲ.

ಇದನ್ನ ಓದುವಾಗ ನನಗೆ ನಮ್ಮ ಕಡೆ ಸಭೆಗಳ ಸುಗ್ಗಿ ಹಬ್ಬ ನೆನಪಾಗುತ್ತೆ. ಜನ ಮೆಕ್ಕೆಜೋಳ, ಅಡಿಕೆ, ಕುಂಬಳಕಾಯಿ, ನಾಟಿ ಕೋಳಿ ತಂದು ಒಪ್ಪಿಸ್ತಾರೆ, ಆಮೇಲೆ ಹರಾಜು. ಒಂದು ತೆಂಗಿನಕಾಯಿ ಐನೂರಕ್ಕೆ ಹೋಗುತ್ತೆ, ಕೂಗಿದೋನು ಅದನ್ನ ವಾಪಸ್ ಕೊಟ್ಟು ಇನ್ನೊಂದ್ಸಲ ಕೂಗಿಸ್ತಾನೆ, ಎಲ್ರೂ ನಗ್ತಾರೆ, ದುಡ್ಡು ಬಡವರ ನಿಧಿಗೋ ಕಟ್ಟಡಕ್ಕೋ ಹೋಗುತ್ತೆ. ಚಂದ ಇರುತ್ತೆ. ಆದ್ರೆ ಊಟಕ್ಕೆ ಕೂರುವಾಗ ಕಮಿಟಿಯೋರು ಫ್ಯಾನ್ ಕೆಳಗೆ ಮೊದಲ ಪಂಕ್ತಿ, ಪಾತ್ರೆ ತೊಳ್ದ ಹೆಣ್ಮಕ್ಕಳು ಕೊನೆಗೆ, ಅಷ್ಟೊತ್ತಿಗೆ ಕೋಸಂಬರಿನೂ ಖಾಲಿ, ಪಾಯಸಾನೂ ಖಾಲಿ. ಎಲ್ಲಾ ಕಡೆ ಹಿಂಗೇ ಅಂತಲ್ಲ, ಆದ್ರೆ ಕಂಡಿದ್ದೀನಿ.

ಎರಡನೇ ಶತಮಾನಕ್ಕೆ ಬಂದ್ರೆ ಪ್ರೀತಿಗೆ ಲೆಕ್ಕಪತ್ರ ಬಂತು. ಸುಮಾರು 155ರಲ್ಲಿ ಜಸ್ಟಿನ್ ಅನ್ನೋ ಕ್ರಿಶ್ಚಿಯನ್ ಲೇಖಕ ಬರೀತಾನೆ, ಭಾನುವಾರ ಸೇರಿದ ಕಾಣಿಕೆ ಸಭೆಯ ಹಿರಿಯನ ಹತ್ರ ಇರುತ್ತೆ, ಅದರಲ್ಲಿ ಅನಾಥರು, ವಿಧವೆಯರು, ಕಾಯಿಲೆಯವರು, ಜೈಲಲ್ಲಿರೋರು, ಪರಊರಿಂದ ಬಂದೋರನ್ನ ನೋಡ್ಕೋತಾರೆ ಅಂತ. ಉತ್ತರ ಆಫ್ರಿಕಾದ ಇನ್ನೊಬ್ಬ ಕ್ರಿಶ್ಚಿಯನ್ ಲೇಖಕ ಟೆರ್ಟುಲಿಯನ್ 197ರ ಸುಮಾರಿಗೆ ಹೇಳೋದು, ತಿಂಗಳಿಗೊಂದ್ಸಲ ಕೈಲಾದಷ್ಟು ಹಾಕೋದು, ಬಲವಂತ ಇಲ್ಲ, ಬಡವರ ಮಣ್ಣಿಗೆ, ವಯಸ್ಸಾದ ಆಳುಗಳಿಗೆ ಅದು ಖರ್ಚಾಗುತ್ತೆ. ಒಂಥರಾ ನಮ್ಮ ಸ್ವಸಹಾಯ ಸಂಘದ ಕಂತು ಇದ್ದಂಗೆ, ವಾಪಸ್ ಕಟ್ಟೋದು ಮಾತ್ರ ಇಲ್ಲ. "ನೋಡಿ, ಹೆಂಗೆ ಒಬ್ಬರನ್ನೊಬ್ಬರು ಪ್ರೀತಿಸ್ತಾರೆ" ಅನ್ನೋ ಫೇಮಸ್ ಮಾತು ಇವನ ಬರಹದಲ್ಲೇ ಇರೋದು, ಆದ್ರೆ ಅದನ್ನ ಹೊಗಳಿಕೆ ಅಂತ ಕೋಟ್ ಮಾಡೋರು ಒಂದು ಮರೀತಾರೆ, ಹೊರಗಿನೋರು ಅದನ್ನ ಹೇಳ್ತಿದ್ದದ್ದು ಚುಚ್ಚೋಕೆ, ಇವರದ್ದೇನೋ ಬೇರೆ ಕಟ್ಟು ಅನ್ನೋ ಅನುಮಾನದಲ್ಲಿ.

ಇಲ್ಲೇ ಇನ್ನೊಂದು ಪ್ರಶ್ನೆ ಇದೆ. ಯೋಹಾನನ "ಒಬ್ಬರನ್ನೊಬ್ಬರು" ಸಭೆ ಒಳಗಿನವರಿಗೆ ಹೇಳಿದ್ದು, ಲೂಕನ ಸುವಾರ್ತೆಲಿ ಬರೋ, ದಾರೀಲಿ ಗಾಯಗೊಂಡು ಬಿದ್ದಿದ್ದ ಪರರವನನ್ನ ಎತ್ತಿ ಉಪಚರಿಸಿದ ಸಮಾರ್ಯದವನ ಕತೆ ಹೊರಗಿನವರಿಗೂ ಬಾಗಿಲು ತೆಗೆಯುತ್ತೆ. ಎರಡರ ನಡುವೆ ಎಳೆದಾಟ ಇದ್ದೇ ಇತ್ತು. 361ರಿಂದ 363ರವರೆಗೆ ಆಳಿದ ರೋಮನ್ ಚಕ್ರವರ್ತಿ ಜೂಲಿಯನ್‌ಗೆ ಕ್ರಿಶ್ಚಿಯನ್ನರನ್ನ ಕಂಡ್ರೆ ಆಗ್ತಿರ್ಲಿಲ್ಲ, ಅವನೇ ತನ್ನ ಅರ್ಚಕನೊಬ್ಬನಿಗೆ ಬರೆದ ಪತ್ರದಲ್ಲಿ ಗೊಣಗ್ತಾನೆ, ಇವರು ತಮ್ಮ ಬಡವರನ್ನಷ್ಟೇ ಅಲ್ಲ ನಮ್ಮ ಬಡವರನ್ನೂ ಸಾಕ್ತಾರಲ್ಲ, ನಮಗೆ ನಾಚಿಕೆಗೇಡು ಅಂತ. ವಿರೋಧಿ ಬರೆದ ಸರ್ಟಿಫಿಕೇಟ್ ಇದು, ಹಾಗಾಗಿ ನಂಬಬಹುದು. ಮೊದಲೆಲ್ಲ ಇದ್ದ "ಪ್ರೀತಿಯ ಊಟ", ಅಂದ್ರೆ ಸಭೆಯೋರೆಲ್ಲ ಒಟ್ಟಿಗೆ ಕೂತು ಉಣ್ಣೋ ಪದ್ಧತಿ, ಮಾತ್ರ ನಾಲ್ಕನೇ ಶತಮಾನದಲ್ಲಿ ಮರೆಯಾಗ್ತಾ ಬಂತು, ಲವೊದಿಕೀಯದಲ್ಲಿ ಸೇರಿದ ಧರ್ಮಗುರುಗಳ ಸಮ್ಮೇಳನ ಅದನ್ನ ಚರ್ಚ್ ಒಳಗೆ ಮಾಡಕೂಡದು ಅಂತ ನಿಯಮಾನೇ ಮಾಡ್ತು. 1727ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ನರು ಅನ್ನೋ ಪ್ರೊಟೆಸ್ಟಂಟ್ ಪಂಗಡದೋರು ಅದನ್ನ ಮತ್ತೆ ಎತ್ಕೊಂಡ್ರು, ಅವರಿಂದ ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿ ಕಲಿತ. ನಮ್ಮ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್‌ನೋರು ಇದೇ ಬಳಗ.

ಇಂಡಿಯಾಕ್ಕೆ ಬಂದ ಮೇಲೆ ಪಂಕ್ತಿಯ ಪ್ರಶ್ನೆ ಜಾತಿ ವೇಷ ಹಾಕ್ಕೊಂಡ್ತು. 1706ರಲ್ಲಿ ಶುರುವಾದ, ತಮಿಳು ಕರಾವಳಿಯ ತರಂಗಂಬಾಡಿ ಮಿಷನ್ ಕಾಲದಿಂದ ತಮಿಳು ಸಭೆಗಳಲ್ಲಿ ಮೇಲ್ಜಾತಿಯೋರಿಗೆ ಒಂದು ಕಡೆ, ದಲಿತರಿಗೆ ಒಂದು ಕಡೆ. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನ ಕೂಡ್ಲೇ, ಪೂರ್ತಿಯಾಗಿ ಬಿಡ್ಬೇಕು ಅಂತ ಸುತ್ತೋಲೆ ಕಳಿಸಿದಾಗ ತಂಜಾವೂರಲ್ಲಿ ಬಹಳ ಜನ ಸಭೆ ಬಿಟ್ಟೇ ಹೋದ್ರು. ಪ್ರೀತಿಸಿ ಅಂದ್ರೆ ಆಮೆನ್, ಪಕ್ಕ ಕೂರಿ ಅಂದ್ರೆ ಇಲ್ಲ.

ನಮ್ಮ ಜಿಲ್ಲೆಯ ಕಡೆ ಕತೆಗೆ ಇನ್ನೊಂದು ತಿರುವು ಕೊಟ್ಟಿದ್ದು ಧಾತು ಈಶ್ವರ ಬರ, 1876ರಿಂದ 78. ಮೈಸೂರು ಸಂಸ್ಥಾನದ ಜನಸಂಖ್ಯೆಲಿ ಹತ್ತಿರ ಹತ್ತಿರ ಐದರಲ್ಲೊಂದು ಪಾಲು ಹೋಯ್ತು, ಚಿತ್ರದುರ್ಗದಂಥ ಒಣ ಸೀಮೆ ಕತೆ ಕೇಳೋದೇ ಬೇಡ. ಅಪ್ಪ ಅಮ್ಮ ಸತ್ತ ಮಕ್ಕಳಿಗೆ ವೆಸ್ಲಿಯನ್‌ನೋರು ತುಮಕೂರು, ಹಾಸನದಲ್ಲಿ ಅನಾಥಾಲಯ ತೆರೆದ್ರು. ಹಿಟ್ಟಿಗೆ ಮತ ಬದಲಾಯಿಸಿದ್ರು ಅನ್ನೋ ಮಾತೂ ಇಂಥ ಬರಗಳ ಹಿಂದೇನೇ ಬಂದಿದ್ದು, ಇವತ್ತಿಗೂ ಹೋಗಿಲ್ಲ, 2022ರ ಕರ್ನಾಟಕದ ಮತಾಂತರ ಕಾಯ್ದೆಲಿ ಆಮಿಷದ ಪಟ್ಟಿಲಿ ಉಡುಗೊರೆ, ಪುಕ್ಕಟೆ ಶಿಕ್ಷಣ ಎರಡೂ ಸೇರಿತ್ತು. ಹಸಿದ ಮಗುಗೆ ಗಂಜಿ ಕೊಟ್ಟಿದ್ದು ಪ್ರೀತೀನೋ ಲೆಕ್ಕಾಚಾರಾನೋ ಅಂತ ಹೊರಗೆ ನಿಂತು ತೀರ್ಪು ಕೊಡೋದು ಸುಲಭ, ಸಿರಿಗೆರೆ ಮಠದ ದಾಸೋಹದಲ್ಲಿ ಉಂಡು ಓದಿದೋರನ್ನ ಯಾರೂ ಹಂಗೆ ಕೇಳಲ್ಲ. ಆದ್ರೆ ಕೊಡೋನ ಕೈ ಮೇಲೆ, ತಗೊಳ್ಳೋನ ಕೈ ಕೆಳಗೆ ಇದ್ದಾಗ ಅದು "ಒಬ್ಬರನ್ನೊಬ್ಬರು" ಹೆಂಗಾಗುತ್ತೆ ಅನ್ನೋ ಪ್ರಶ್ನೆ ಮಾತ್ರ ನ್ಯಾಯದ್ದೇ.

ಅದನ್ನ ಮುಖಕ್ಕೆ ಹೊಡೆದ ಹಾಗೆ ಕೇಳಿದೋನು ಭಾರತೀಯ ಪಾದ್ರಿ ವಿ.ಎಸ್. ಅಜರಾಯ. 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ಎದ್ದು ನಿಂತು, ನಿಮ್ಮ ಆಸ್ತಿ ಬಡವರಿಗೆ ಕೊಟ್ರಿ, ನಿಮ್ಮ ದೇಹಾನೂ ಕೊಟ್ರಿ, ನಾವು ಪ್ರೀತೀನೂ ಕೇಳ್ತೀವಿ, ನಮಗೆ ಸ್ನೇಹಿತರನ್ನ ಕೊಡಿ ಅಂದ. ಬಿಳಿಯರು ಸೇವೆ ಮಾಡ್ತಾರೆ, ಸ್ನೇಹ ಮಾಡಲ್ಲ ಅನ್ನೋದು ಅವನ ದೂರು. ಅಲ್ಲಿದ್ದ ಎಷ್ಟೋ ಜನಕ್ಕೆ ಅದು ಇಷ್ಟ ಆಗ್ಲಿಲ್ಲ. ಅದೇ ಅಜರಾಯ 1912ರಲ್ಲಿ ಈಗಿನ ತೆಲಂಗಾಣದ ದೋರ್ನಕಲ್‌ಗೆ ಬಿಷಪ್ ಆದ, ಆಂಗ್ಲಿಕನ್ನರಲ್ಲಿ (ಇಂಗ್ಲೆಂಡ್ ಚರ್ಚ್‌ನ ಪಂಗಡ) ಮೊದಲ ಭಾರತೀಯ ಬಿಷಪ್. 1919ರಲ್ಲಿ ತರಂಗಂಬಾಡಿಯಲ್ಲಿ ಸಭೆಗಳ ಐಕ್ಯದ ಮಾತುಕತೆ ಶುರು ಮಾಡಿದೋರಲ್ಲೂ ಇದ್ದ, 1945ರಲ್ಲಿ ತೀರಿಕೊಂಡ. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಸಭೆಗಳು ಸೇರಿ ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ, ಆಯ್ತು, ಬೇರೆ ಬೇರೆ ಮೇಜಲ್ಲಿ ರೊಟ್ಟಿ ಮುರೀತಿದ್ದೋರು ಒಂದೇ ಮೇಜಿಗೆ ಬಂದ್ರು.

ಜಾತಿ ಅಷ್ಟಕ್ಕೇ ಹೋಗ್ಲಿಲ್ಲ, ಮದುವೆ ಮಾತುಕತೆ ಬಂದಾಗ ಅದು ಹೊರಗೆ ಬರುತ್ತೆ. ಸರ್ಕಾರದ ಪ್ರಕಾರ 1950ರ ರಾಷ್ಟ್ರಪತಿ ಆದೇಶದಂತೆ ಕ್ರಿಶ್ಚಿಯನ್ ಆದ ದಲಿತರಿಗೆ ಪರಿಶಿಷ್ಟ ಜಾತಿ ಸೌಲಭ್ಯ ಇಲ್ಲ, ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ತು. ಕಾಗದದಲ್ಲಿ ಜಾತಿ ಇಲ್ಲದೋರು, ಕೇರಿಲಿ ಮಾತ್ರ ಇದ್ದ ಹಾಗೇ.

ಇನ್ನು ಸಭೆ ಸಭೆಗಳ ನಡುವಿನ ಪಂಕ್ತಿ. ಹರಿಹರದ ಆರೋಗ್ಯ ಮಾತೆ ಹಬ್ಬಕ್ಕೆ ಸೆಪ್ಟೆಂಬರ್ 8ಕ್ಕೆ ಹೋದ್ರೆ ಎಲ್ಲಾ ಧರ್ಮದೋರೂ ಕ್ಯಾಂಡಲ್ ಹಿಡಿದು ನಿಂತಿರ್ತಾರೆ. ಆದ್ರೆ ಕಥೋಲಿಕರ ಪೂಜೆಲಿ ಸಿಎಸ್‌ಐಯೋರಿಗೆ ಸಾಮಾನ್ಯವಾಗಿ ಪ್ರಸಾದ ಕೊಡಲ್ಲ, ಪೆಂತೆಕೋಸ್ತ್‌ನೋರು ಶೀಟು ಹಾಕಿದ ಹಾಲ್‌ಗಳಲ್ಲಿ ಬೇರೇನೇ ರೊಟ್ಟಿ ಮುರೀತಾರೆ. ಇವರದ್ದೇ ಮಕ್ಕಳ ಮದುವೆಲಿ ಬಿರಿಯಾನಿಗೆ ಮಾತ್ರ ಎಲ್ರೂ ಒಂದೇ ಟೇಬಲ್. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸಭೆಗಳ ಐಕ್ಯದ ಬಗ್ಗೆ ಆದೇಶ ಹೊರಡಿಸಿದ ಮೇಲೆ ಪ್ರಭು ಭೋಜನ ಹಂಚಿಕೊಳ್ಳೋ ವಿಚಾರದ ಮಾತುಕತೆ ಶುರುವಾಯ್ತು, ಇನ್ನೂ ನಡೀತಾನೇ ಇದೆ.