ಬಯೋಲಾಜಿಕ್ ಅಂದರೆ ಯಾವ ಔಷಧ?

ವಿಜಯಪುರದ ನಮ್ಮ ಮನೆ ಫ್ರಿಜ್‌ನಲ್ಲಿ ಮೊಸರಿನ ಪಾತ್ರೆ ಪಕ್ಕಕ್ಕೆ ಅವ್ವನ ಇನ್ಸುಲಿನ್ ಬಾಟ್ಲಿ ಇರುತ್ತದೆ. ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಹೋದರೆ ಅವಳಿಗೆ ಮೊದಲು ನೆನಪಾಗುವುದು ಮೊಸರಲ್ಲ, ಆ ಬಾಟ್ಲಿ. ಬಿಪಿ ಮಾತ್ರೆ ಮಾತ್ರ ಗೋಡೆಯ ಮಾಡದಲ್ಲಿ ಆರಾಮಾಗಿ ಬಿದ್ದಿರುತ್ತದೆ. ಎರಡೂ ಔಷಧಾನೇ ಅಲ್ವಾ, ಒಂದಕ್ಕೇ ಯಾಕೆ ಇಷ್ಟು ಉಪಚಾರ?

ಮಾತ್ರೆಯಲ್ಲಿರುವುದು ಸಾಮಾನ್ಯವಾಗಿ ಸಣ್ಣ ಅಣು. ಆಸ್ಪಿರಿನ್ ಅಣುವಿನಲ್ಲಿ ಬರೀ 21 ಪರಮಾಣು. ಇನ್ಸುಲಿನ್ ಪ್ರೋಟೀನು, 51 ಅಮೈನೋ ಆಮ್ಲಗಳನ್ನು ಪೋಣಿಸಿ ಮಡಚಿಟ್ಟದ್ದು. ಬಿಸಿಗೆ ಆ ಮಡಿಕೆ ಕೆಡಬಹುದು, ಅದಕ್ಕೇ ಫ್ರಿಜ್ಜು. ಕ್ಯಾನ್ಸರಿಗೆ, ಸಂಧಿವಾತಕ್ಕೆ ಕೊಡುವ ಮಾನೋಕ್ಲೋನಲ್ ಆಂಟಿಬಾಡಿ (ಒಂದೇ ಗುರಿಗೆ ಹೋಗಿ ಅಂಟುವ ಪ್ರೋಟೀನು) ಅಂತೂ ದೈತ್ಯ: 20,000ದಷ್ಟು ಪರಮಾಣು. ಇಂಥದ್ದನ್ನು ಜೀವಕೋಶಕ್ಕೆ ಜೀನ್ ಕೊಟ್ಟು ಅದರ ಕೈಯಿಂದಲೇ ಮಾಡಿಸಬೇಕು. ಹೀಗೆ ಜೀವಿಗಳಿಂದ ಬರುವ, ರಚನೆಯಲ್ಲಿ ಜಟಿಲವಾದ ಔಷಧವೇ ಬಯೋಲಾಜಿಕ್. ಲಸಿಕೆಗಳೂ ಇದೇ ಗುಂಪು.

ಹಾಗಂತ ಜೀವಕೋಶ ಮಾಡಿದ್ದೆಲ್ಲ ಬಯೋಲಾಜಿಕ್ ಅಲ್ಲ. ಮುಧೋಳದ ಕಡೆ ಸಕ್ಕರೆ ಕಾರ್ಖಾನೆಗಳಲ್ಲಿ ಯೀಸ್ಟ್ ಕಾಕಂಬಿ ತಿಂದು ಎಥೆನಾಲ್ ಕೊಡುತ್ತದೆ. ಅದು 9 ಪರಮಾಣುಗಳ ಪುಟ್ಟ ಅಣು. ಮುಧೋಳದ್ದಾದರೇನು, ಚಿಕ್ಕೋಡಿಯದ್ದಾದರೇನು, ಶುದ್ಧ ಮಾಡಿದ ಮೇಲೆ ಎರಡೂ ಒಂದೇ. ಆಂಟಿಬಾಡಿ ಹಾಗಲ್ಲ. ಅದರ ಮೈಮೇಲೆ ಸಕ್ಕರೆಯ ಚಿಕ್ಕ ಸರಪಳಿಗಳು ಅಂಟಿರುತ್ತವೆ. ಕೋಶಗಳನ್ನು ಬೆಳೆಸುವ ಟ್ಯಾಂಕಿನ ಬಿಸಿ, ಪಿಎಚ್ (ಹುಳಿಯ ಮಟ್ಟ), ಆಮ್ಲಜನಕ ಕೊಂಚ ಆಚೀಚೆ ಆದರೂ ಆ ಸರಪಳಿ ಬದಲಾಗಬಹುದು. ಅದರ ಜೊತೆ ಔಷಧದ ಗುಣವೂ. ಅದಕ್ಕೇ ಬೇರೆಯವರು ಮಾಡಿದ ಪ್ರತಿಗೆ ಜೆನೆರಿಕ್ ಅನ್ನುವುದಿಲ್ಲ, ಬಯೋಸಿಮಿಲರ್ ಅನ್ನುತ್ತಾರೆ. ಅದೇ ಅಲ್ಲ, ಅದರಂಥದ್ದು. ಹೆಸರಿಟ್ಟವರು ಪ್ರಾಮಾಣಿಕರು!

ಆ ಟ್ಯಾಂಕನ್ನು ಹದದಲ್ಲಿಡುವ ವಿದ್ಯೆ ಬಯೋಕೆಮಿಕಲ್ ಎಂಜಿನಿಯರಿಂಗ್. 1982ರಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕ ಮಾನವ ಇನ್ಸುಲಿನ್ ಅನ್ನು ಇ. ಕೋಲಿ ಬ್ಯಾಕ್ಟೀರಿಯಾದಿಂದ ಮಾಡಿಸಿದ್ದರು. ಆಂಟಿಬಾಡಿಗೆ ಜಾಸ್ತಿ ಬಳಸುವುದು ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದ ಕೋಶ. ಈ ಕೋಶಕ್ಕೆ ಗೋಡೆಯಿಲ್ಲ, ತೆಳು ಪೊರೆ ಅಷ್ಟೇ. ಉಸಿರಾಡಲು ಗಾಳಿ ಬೇಕು, ಆದರೆ ಗಾಳಿಗುಳ್ಳೆ ಒಡೆದರೆ ಪಕ್ಕದ ಕೋಶವೇ ಹರಿದುಹೋಗಬಹುದು.

ಬಾಗಲಕೋಟೆಯಲ್ಲಿ ಬಯೋಟೆಕ್ ಬಿಇ ಓದಿದ ಹುಡುಗಿಯೊಬ್ಬಳು ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರೆದು, ಎಂಟೆಕ್ ಮುಗಿಸಿ, ಇದೇ ವಿದ್ಯೆಯಲ್ಲಿ ಪಿಎಚ್‌ಡಿಗೆ ಸೇರಿದಳು ಅನ್ನಿ. ಊರಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಯಾವ ಔಷಧ ಕಂಡುಹಿಡಿದಿ?" ಯಾವುದೂ ಇಲ್ಲ. ಕೋಶಗಳಿಗೆ ಯಾವಾಗ, ಎಷ್ಟು ಗ್ಲೂಕೋಸ್ ಉಣಿಸಬೇಕು ಅನ್ನುವುದರಲ್ಲೇ ಅವಳ ನಾಲ್ಕೈದು ವರ್ಷ ಹೋಗಬಹುದು. ಜಾಸ್ತಿ ಕೊಟ್ಟರೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಕಮ್ಮಿ ಕೊಟ್ಟರೆ ಉಪವಾಸ. ಒಂದು ಬ್ಯಾಚ್ ಎರಡು ವಾರದವರೆಗೂ ನಡೆಯುತ್ತದೆ. ಭಾನುವಾರವೂ ಸ್ಯಾಂಪಲ್ ತೆಗೆಯಲೇಬೇಕು. ಮುಂದೆ ಮೇಷ್ಟ್ರಾದರೂ ಇದೇ ಟ್ಯಾಂಕು, ಉಣಿಸುವ ಕೈ ಮಾತ್ರ ಶಿಷ್ಯರದು.

ಗುಳ್ಳೆಯ ಕಾಟ ಬಾಟ್ಲಿಗೂ ತಪ್ಪಿದ್ದಲ್ಲ. ಮಬ್ಬು ಬಣ್ಣದ ಇನ್ಸುಲಿನ್ ಅನ್ನು ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ಡೋಸ್ ತಪ್ಪುತ್ತದೆ, ಗಾಳಿ ತಾಗುವ ಕಡೆ ಪ್ರೋಟೀನಿನ ಮಡಿಕೆಯೂ ಬಿಚ್ಚಬಹುದು. ಅವ್ವ ಅದನ್ನು ಎರಡು ಅಂಗೈ ನಡುವೆ ಇಟ್ಟು, ಬತ್ತಿ ಹೊಸೆದ ಹಾಗೆ, ಮೆಲ್ಲಗೆ ಹೊರಳಿಸುತ್ತಾಳೆ.