ವಿಯೆಟ್ನಾಂ: ನಾಲ್ಕು ಕಂಬಗಳು ಅಲುಗಿದ್ದು ಹೇಗೆ?

2023ರ ಜನವರಿಯಿಂದ 2024ರ ಮೇ ತಿಂಗಳೊಳಗೆ ವಿಯೆಟ್ನಾಂನ ಇಬ್ಬರು ರಾಷ್ಟ್ರಾಧ್ಯಕ್ಷರು, ಒಬ್ಬ ಶಾಸನಸಭಾಧ್ಯಕ್ಷರು ಅವಧಿಗೆ ಮೊದಲೇ ಕುರ್ಚಿ ಬಿಟ್ಟರು. ಯಾರೂ ಚುನಾವಣೆಯಲ್ಲಿ ಸೋತಿರಲಿಲ್ಲ. ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ತೀರ್ಮಾನಿಸಿತು, ರಾಷ್ಟ್ರೀಯ ಶಾಸನಸಭೆ ಗುಪ್ತ ಮತದಾನ ನಡೆಸಿ ಅದಕ್ಕೆ ಮುದ್ರೆ ಒತ್ತಿತು.

ಅಲ್ಲಿನ ಅಧಿಕಾರ ನಾಲ್ಕು ಹುದ್ದೆಗಳಲ್ಲಿ ಹಂಚಿಹೋಗಿದೆ. ಜನ ಇವನ್ನು ನಾಲ್ಕು ಕಂಬಗಳೆಂದೇ ಕರೆಯುತ್ತಾರೆ. ಪಕ್ಷದ ಪ್ರಧಾನ ಕಾರ್ಯದರ್ಶಿ ಎಲ್ಲರಿಗಿಂತ ಮೇಲು. ಆಮೇಲೆ ರಾಷ್ಟ್ರಾಧ್ಯಕ್ಷ, ಪ್ರಧಾನಿ, ಶಾಸನಸಭಾಧ್ಯಕ್ಷ. ಸಂವಿಧಾನದ ಪ್ರಕಾರ ಸೇನೆಯ ದಂಡನಾಯಕ ರಾಷ್ಟ್ರಾಧ್ಯಕ್ಷರೇ. ಆದರೆ ಪಕ್ಷದ ಕೇಂದ್ರ ಸೇನಾ ಆಯೋಗದ ಮುಖ್ಯಸ್ಥ ಪ್ರಧಾನ ಕಾರ್ಯದರ್ಶಿ. ಸೇನೆಯ ನಿಜವಾದ ಹಿಡಿತ ಇರುವುದು ಅಲ್ಲಿ.

ಹೊ ಚಿ ಮಿನ್ 1951ರಿಂದ ರಾಷ್ಟ್ರಾಧ್ಯಕ್ಷರೂ ಪಕ್ಷದ ಅಧ್ಯಕ್ಷರೂ ಆಗಿದ್ದರು. 1969ರಲ್ಲಿ ಅವರು ತೀರಿಕೊಂಡ ಮೇಲೆ ಪಕ್ಷಾಧ್ಯಕ್ಷ ಹುದ್ದೆಯನ್ನು ಮತ್ತೆ ತುಂಬಲಿಲ್ಲ. ಪಕ್ಷ ಲೆ ಜುವಾನ್ ಕೈಯಲ್ಲಿ ಉಳಿಯಿತು, ರಾಷ್ಟ್ರಾಧ್ಯಕ್ಷ ಪದವಿ ತೊನ್ ಡುಕ್ ಥಾಂಗ್ ಅವರಿಗೆ ಹೋಯಿತು. 1980ರ ಸಂವಿಧಾನವಂತೂ ರಾಷ್ಟ್ರಾಧ್ಯಕ್ಷ ಪದವಿಯನ್ನೇ ತೆಗೆದು ಸಾಮೂಹಿಕ ಪರಿಷತ್ತನ್ನು ತಂದಿತು. ಈಗಿನ ರೂಪ ಬಂದದ್ದು 1992ರ ಸಂವಿಧಾನದಿಂದ. ಆಗ ಉತ್ತರದ ದೊ ಮುವೊಯ್ ಪಕ್ಷಕ್ಕೆ, ಮಧ್ಯಭಾಗದ ಲೆ ಡುಕ್ ಆನ್ ರಾಷ್ಟ್ರಾಧ್ಯಕ್ಷ ಪದವಿಗೆ, ದಕ್ಷಿಣದ ವೊ ವಾನ್ ಕಿಯೆತ್ ಪ್ರಧಾನಿ ಪದವಿಗೆ. 1975ರವರೆಗೆ ಯುದ್ಧದಲ್ಲಿ ಎರಡು ಹೋಳಾಗಿದ್ದ ದೇಶದಲ್ಲಿ ಈ ಪ್ರಾದೇಶಿಕ ಲೆಕ್ಕಾಚಾರಕ್ಕೆ ದೊಡ್ಡ ಅರ್ಥವಿತ್ತು. ಬರೆದಿಟ್ಟ ನಿಯಮವಲ್ಲದಿದ್ದರೂ ಬಹುಕಾಲ ಅದನ್ನು ಗಮನದಲ್ಲಿಟ್ಟುಕೊಂಡೇ ಹೆಸರುಗಳು ನಿರ್ಧಾರವಾಗುತ್ತಿದ್ದವು.

ಆಯ್ಕೆಯ ಹಾದಿ ಹೀಗಿದೆ. ಐದು ವರ್ಷಕ್ಕೊಮ್ಮೆ ಪಕ್ಷದ ಮಹಾಧಿವೇಶನ. ಅದು ಕೇಂದ್ರ ಸಮಿತಿಯನ್ನು ಚುನಾಯಿಸುತ್ತದೆ. 2021ರಲ್ಲಿ ಅದರಲ್ಲಿ 180 ಪೂರ್ಣ ಸದಸ್ಯರು, 20 ಪರ್ಯಾಯ ಸದಸ್ಯರು. ಈ ಸಮಿತಿ ಪಕ್ಷದ ಅತ್ಯುನ್ನತ ನಿರ್ಧಾರ ಮಂಡಳಿಯಾದ ಪಾಲಿಟ್‌ಬ್ಯೂರೊವನ್ನೂ ಪ್ರಧಾನ ಕಾರ್ಯದರ್ಶಿಯನ್ನೂ ಆರಿಸುತ್ತದೆ. ಉಳಿದ ಮೂರು ಹುದ್ದೆಗಳಿಗೆ ಶಾಸನಸಭೆಯ ಮತ ಬೇಕು, ಆದರೆ ಹೆಸರು ಪಕ್ಷದಿಂದಲೇ ಬರುತ್ತದೆ. 2021ರ ಏಪ್ರಿಲ್‌ನಲ್ಲಿ, ಅಲ್ಲಿಯವರೆಗೆ ಪ್ರಧಾನಿಯಾಗಿದ್ದ ಗುಯೆನ್ ಸುವಾನ್ ಫುಕ್ ಅವರನ್ನು ಹಳೆಯ ಶಾಸನಸಭೆಯೇ ರಾಷ್ಟ್ರಾಧ್ಯಕ್ಷರನ್ನಾಗಿ ಆರಿಸಿತು. ಮೇನಲ್ಲಿ ಸಾರ್ವತ್ರಿಕ ಚುನಾವಣೆ ಆಯಿತು, ಜುಲೈನಲ್ಲಿ ಹೊಸ ಸಭೆ ಅವರನ್ನೇ ಮತ್ತೆ ಆರಿಸಿತು. ಜನರ ಮತ ಈ ಸರಣಿಯಲ್ಲಿ ಎಲ್ಲಿ ಬರುತ್ತದೆ ಎಂಬುದನ್ನು ಗಮನಿಸಬೇಕು.

ಕೇಂದ್ರ ಸಮಿತಿಯ ಮತಕ್ಕೆ ಒಂದು ಕಾಲಕ್ಕೆ ನಿಜವಾದ ಬಲವಿತ್ತು. ಅದಕ್ಕೆ ಕಡಿವಾಣ ಬಿದ್ದದ್ದು 2014ರ 244ನೇ ನಿರ್ಧಾರದಿಂದ. ಪಾಲಿಟ್‌ಬ್ಯೂರೊ ಸೂಚಿಸದ ಹೊರತು ಅದರ ಸದಸ್ಯರು ಸ್ಪರ್ಧೆಗೆ ನಿಲ್ಲುವಂತಿಲ್ಲ, ಬೇರೆಯವರು ಹೆಸರು ಸೂಚಿಸಿದರೂ ಒಪ್ಪುವಂತಿಲ್ಲ ಎಂದು ಅದು ಕಟ್ಟುಮಾಡಿತು. ಕೇಂದ್ರ ಸಮಿತಿಯಲ್ಲಿ ಒಳ್ಳೆಯ ಬೆಂಬಲವಿದ್ದ ಪ್ರಧಾನಿ ಗುಯೆನ್ ತಾನ್ ಜುಂಗ್ 2016ರ ಅಧಿವೇಶನದಲ್ಲಿ ಹಿಂದೆ ಸರಿಯಬೇಕಾಯಿತು. ಪ್ರಧಾನ ಕಾರ್ಯದರ್ಶಿಯಾಗಿ ಗುಯೆನ್ ಫು ಟ್ರಾಂಗ್ ಮುಂದುವರಿದರು. ಒಬ್ಬರಿಗೆ ಸತತ ಎರಡೇ ಅವಧಿ ಎಂದು ಪಕ್ಷದ ನಿಯಮಾವಳಿ ಹೇಳಿದರೂ 2021ರಲ್ಲಿ 'ವಿಶೇಷ ಪ್ರಕರಣ'ವೆಂದು ಅವರಿಗೆ ಮೂರನೆಯ ಅವಧಿ ಸಿಕ್ಕಿತು. ಈ ವಿನಾಯಿತಿಯೇ ಮುಂದಿನ ತೊಡಕಿನ ಬೇರು ಎಂದು ನಮ್ಮ ಅನಿಸಿಕೆ. ಪಟ್ಟಕ್ಕೆ ಯಾರು ಎಂಬುದನ್ನು ಸಕಾಲದಲ್ಲಿ ತೀರ್ಮಾನಿಸದೆ ಮುಂದೂಡಲಾಯಿತು.

2021ರ ನವೆಂಬರ್‌ನ 41ನೇ ನಿಯಮ ರಾಜೀನಾಮೆಯ ದಾರಿ ತೆರೆಯಿತು. ತನ್ನ ಕೈಕೆಳಗಿನವರ ತಪ್ಪಿಗೆ ಮುಖ್ಯಸ್ಥನೂ ಹೊಣೆ. ಇಬ್ಬರು ಉಪಪ್ರಧಾನಿಗಳು, ಮೂವರು ಸಚಿವರ ತಪ್ಪಿನ ಹೊಣೆ ಹೊತ್ತು ಫುಕ್ 2023ರ ಜನವರಿಯಲ್ಲಿ ಹೊರನಡೆದರು. ಅವರ ಜಾಗಕ್ಕೆ ಬಂದ ವೊ ವಾನ್ ಥುವಾಂಗ್ ಒಂದು ವರ್ಷ ಕಳೆಯುತ್ತಲೇ, 2024ರ ಮಾರ್ಚ್‌ನಲ್ಲಿ ಹೋದರು. ಮೇ ಆರಂಭಕ್ಕೆ ಶಾಸನಸಭಾಧ್ಯಕ್ಷ ವುವಾಂಗ್ ದಿನ್ ಹ್ಯೂ ಸರದಿ. ಥುವಾಂಗ್ ಮತ್ತು ಹ್ಯೂ ವಿಷಯದಲ್ಲಿ ಪಕ್ಷದ ಪ್ರಕಟಣೆ ಹೇಳಿದ್ದು 'ಪಕ್ಷದ ಸದಸ್ಯರು ಮಾಡಬಾರದ್ದರ ಉಲ್ಲಂಘನೆ' ಎಂಬಷ್ಟನ್ನೇ. ಯಾವ ಕೃತ್ಯ, ಯಾವಾಗ ಎಂಬುದು ಅದರಲ್ಲಿ ಇರಲಿಲ್ಲ. ದೇಶದ ಅತ್ಯುನ್ನತ ಪದವಿಯಲ್ಲಿದ್ದವರನ್ನು ಇಳಿಸಿದ ಕಾರಣ ತಿಳಿಯುವ ಹಕ್ಕು ಪ್ರಜೆಗಳಿಗೆ ಇರಲೇಬೇಕು.

ಭ್ರಷ್ಟಾಚಾರದ ತನಿಖೆಗಳನ್ನು ನಡೆಸುತ್ತಿದ್ದದ್ದು ಸಾರ್ವಜನಿಕ ಭದ್ರತಾ ಸಚಿವಾಲಯ. 2016ರಿಂದ ಅದರ ಸಚಿವರಾಗಿದ್ದ ತೊ ಲಾಮ್ 2024ರ ಮೇ 22ರಂದು ರಾಷ್ಟ್ರಾಧ್ಯಕ್ಷರಾದರು. ಜುಲೈ 19ರಂದು ಟ್ರಾಂಗ್ ನಿಧನರಾದರು. ಆಗಸ್ಟ್ 3ರಂದು ತೊ ಲಾಮ್ ಪ್ರಧಾನ ಕಾರ್ಯದರ್ಶಿಯೂ ಆದರು. ಎರಡೂ ಪದವಿ ಅವರಲ್ಲೇ ಉಳಿಯುವುದೇ ಎಂಬ ಚರ್ಚೆ ಅಕ್ಟೋಬರ್ 21ರವರೆಗೆ ನಡೆಯಿತು. ಅಂದು ಸೇನೆಯ ಜನರಲ್ ಲುವಾಂಗ್ ಕುವಾಂಗ್ ರಾಷ್ಟ್ರಾಧ್ಯಕ್ಷರಾದರು.

ಇಷ್ಟರಲ್ಲಿ ಇನ್ನೊಂದು ಗಂಟು ಬಿದ್ದಿತ್ತು. ಪಾಲಿಟ್‌ಬ್ಯೂರೊದಲ್ಲಿ ಕನಿಷ್ಠ ಒಂದು ಪೂರ್ಣ ಅವಧಿ ಕೆಲಸ ಮಾಡಿದವರೇ ಪ್ರಧಾನ ಕಾರ್ಯದರ್ಶಿ ಆಗಬೇಕು ಎನ್ನುತ್ತಿತ್ತು 2020ರ 214ನೇ ನಿಯಮ. 2021ರಲ್ಲಿ ಆಯ್ಕೆಯಾದ 18 ಜನರಲ್ಲಿ 2024ರ ಜೂನ್ ಹೊತ್ತಿಗೆ 7 ಮಂದಿ ಹೊರಬಿದ್ದಿದ್ದರು. ಟ್ರಾಂಗ್ ಕೂಡ ಹೋದ ಮೇಲೆ ಉಳಿದದ್ದು 10. ಮರು ಆಯ್ಕೆಗೆ 65 ವರ್ಷದ ಮಿತಿ ಹಾಕಿದರೆ ಆ ಹತ್ತರಲ್ಲೂ ಹಲವರು ತಪ್ಪುತ್ತಿದ್ದರು. ನಡುವೆ ಸೇರಿಸಿಕೊಂಡ ಹೊಸಬರಿಗೆ ಪೂರ್ಣ ಅವಧಿಯ ಅನುಭವವಿರಲಿಲ್ಲ. ಹೀಗಾಗಿ 2026ರ ಅಧಿವೇಶನಕ್ಕೆ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಆರಿಸಲು ಜನವೇ ಸಾಲುತ್ತಿರಲಿಲ್ಲ, ವಿನಾಯಿತಿ ಕೊಟ್ಟರೆ ಅದನ್ನು ಯಾರಿಗೆ ಕೊಡಬೇಕೆಂದು ನಿರ್ಧರಿಸಬೇಕಾಗಿದ್ದದ್ದು ಅದೇ ಪಾಲಿಟ್‌ಬ್ಯೂರೊ, ಅದೇ ಕೇಂದ್ರ ಸಮಿತಿ.